ಮಾದೇಶನ ಪಾಲಿನ ಮುದ್ದೆ

ನವೆಂಬರ್ 3, ಸೋಮವಾರ

ಕೊಳ್ಳೇಗಾಲದ ಆಸ್ಪತ್ರೆಯ ಓಪಿ. ತೊಂಬತ್ತೊಂದು ರೋಗಿಗಳು. ಊಟಕ್ಕೆ ಎದ್ದದ್ದು ಮೂರೂವರೆಗೆ. ಡಬ್ಬಿಯ ಚಿತ್ರಾನ್ನ ಗಟ್ಟಿಯಾಗಿತ್ತು, ಅರ್ಧ ತಿಂದು ಮುಚ್ಚಿದೆ.

ಒಬ್ಬರಿಗೆ ನಾಲ್ಕು ನಿಮಿಷ. ನಿದ್ದೆ ಬರುತ್ತಾ, ಊಟ ಸೇರುತ್ತಾ, ಮಾತ್ರೆ ತಪ್ಪಿಸಿಲ್ಲ ತಾನೇ... ಅಷ್ಟರಲ್ಲಿ ಮುಂದಿನವರು ಬಾಗಿಲಲ್ಲಿ. ಇವತ್ತು ಒಬ್ಬಾಕೆ ಅಳಲು ಶುರುಮಾಡಿದಳು. ನನಗೆ ಮೊದಲು ಹೊಳೆದದ್ದು — ಅಯ್ಯೋ, ಹತ್ತು ನಿಮಿಷ ಹೋಯಿತು. ಹನ್ನೊಂದು ವರ್ಷ ಮನೋವೈದ್ಯೆಯಾಗಿ ದುಡಿದವಳಿಗೆ ಹೊಳೆದ ಯೋಚನೆ ಇದು. ನಾಚಿಕೆಯಾಯಿತು. ಆದರೂ ಗಡಿಯಾರ ನೋಡಿದೆ.

ದೊಡ್ಡಬಸಮ್ಮ ಬಂದಿದ್ದರು. ಕುಂತೂರಿನಿಂದ, ತಿಂಗಳ ಮೊದಲ ಸೋಮವಾರ. ಏಳು ವರ್ಷದಲ್ಲಿ ಒಂದು ಸಲವೂ ತಪ್ಪಿಸಿಲ್ಲ. ಮಗ ಮಾದೇಶ ಬರುವುದಿಲ್ಲ. ತಾನು ಮಾತ್ರೆ ತಿನ್ನುತ್ತಿದ್ದೇನೆಂಬುದೇ ಅವನಿಗೆ ಗೊತ್ತಿಲ್ಲ. ಎಂಟು ವರ್ಷದ ಹಿಂದೆ, ಊರವರೆಲ್ಲ ಸೇರಿ ತನ್ನನ್ನು ಕೊಲ್ಲುತ್ತಾರೆಂದು ಕಬ್ಬಿನ ಗದ್ದೆಯೊಳಗೆ ನಾಲ್ಕು ದಿನ ಅಡಗಿ ಕೂತಿದ್ದ. ಮೂರು ವಾರ ವಾರ್ಡಿನಲ್ಲಿ ಇಟ್ಟುಕೊಂಡೆವು. ಸರಿಹೋಗಿ ಮನೆಗೆ ಹೋದವನು "ನಂಗೇನು ಉಚ್ಚಾ?" ಎಂದು ಮಾತ್ರೆ ಬಿಸಾಡಿದ. ಮತ್ತೆ ಕೆಟ್ಟಿತು. ಆಗ ನಾನೇ ಅವನ ತಾಯಿಗೆ ಹೇಳಿಕೊಟ್ಟೆ, ಪುಡಿ ಮಾಡಿ ರಾತ್ರಿ ಮುದ್ದೆಗೆ ಸೇರಿಸಿ ಎಂದು.

ಮನೆಯಲ್ಲಿ ಇಬ್ಬರೇ. ಎರಡು ಮುದ್ದೆ. ಅದಲುಬದಲಾಗಬಾರದೆಂದು ದೊಡ್ಡಬಸಮ್ಮ ಮಗನ ಮುದ್ದೆಗೆ ಹೆಬ್ಬೆಟ್ಟಿನಿಂದ ಗುಳಿ ಒತ್ತಿ, ಅದರಲ್ಲಿ ಪುಡಿ ಹಾಕಿ, ಮೇಲೊಂದು ಚಮಚ ತುಪ್ಪ ಬಿಡುತ್ತಾರೆ. ನಮ್ಮವ್ವ ನನಗೊಬ್ಬನಿಗೇ ತುಪ್ಪ ಹಾಕೋದು ಎಂದು ಅವನು ಊರಿಡೀ ಹೇಳಿಕೊಂಡು ತಿರುಗುತ್ತಾನಂತೆ. ಈಗ ಮೂವತ್ತು ವಯಸ್ಸು. ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಾನೆ. ತನ್ನನ್ನು ವಾಸಿ ಮಾಡಿದ್ದು ಬೆಟ್ಟದ ದೇವರು ಮಾದಪ್ಪ ಎಂದು ನಂಬಿದ್ದಾನೆ. ವರ್ಷಕ್ಕೊಮ್ಮೆ ಬೆಟ್ಟಕ್ಕೆ ಬರಿಗಾಲಲ್ಲಿ ನಡೆದು ಹೋಗುತ್ತಾನೆ.

ಮಾತ್ರೆ ಕೊಟ್ಟು ಕಳಿಸಿದೆ. ನಾಲ್ಕು ನಿಮಿಷವೂ ಬೇಕಾಗಲಿಲ್ಲ.

ನವೆಂಬರ್ 5, ಬುಧವಾರ

ಬೆಳಿಗ್ಗೆ ಏಳೂವರೆಗೆ ಇಂಟರ್‌ವ್ಯೂ. ನ್ಯೂಜಿಲೆಂಡಿನ ದಕ್ಷಿಣದ ಒಂದು ಊರು. ಅಲ್ಲಿ ಆಗಲೇ ಮಧ್ಯಾಹ್ನ ಮೂರು. ತೆರೆಯ ಮೇಲೆ ಮೂರು ಮುಖ, ಮೂರೂ ನಗುಮುಖ. ಮೇಲೆ ರೇಷ್ಮೆ ಸೀರೆ, ಕೆಳಗೆ ಮನೆಯ ಚಪ್ಪಲಿ. ನನ್ನ ಗಂಡ ಪ್ರಭು ಅಡುಗೆಮನೆಯಲ್ಲಿ ಮಿಕ್ಸಿ ಹಾಕದೆ ಕಾದು ನಿಂತಿದ್ದ ಪಾಪ. ಅವನು ಪಾಠ ಮಾಡುವ ಶಾಲೆ ಯಳಂದೂರಿನಲ್ಲಿ, ಎಂಟೂವರೆಯ ಬಸ್ಸು ತಪ್ಪಿತು.

ಮೊದಲ ಸಲ ಬರುವ ರೋಗಿಗೆ ತೊಂಬತ್ತು ನಿಮಿಷ ಕೊಡುತ್ತಾರಂತೆ. ಕೇಳಿ ಎದೆ ತುಂಬಿ ಬಂತು. ಸಂಬಳದ ಮಾತಿಗೆ ಬಾರದ ಕಣ್ಣೀರು ಇದಕ್ಕೆ ಬಂತು.

ಕೊನೆಗೊಂದು ಪ್ರಶ್ನೆ. ವಯಸ್ಕ ಮಗ ಮಾತ್ರೆ ಒಲ್ಲೆ ಅನ್ನುತ್ತಾನೆ. ಅವನಿಗೆ ತಿಳಿಯದಂತೆ ಊಟದಲ್ಲಿ ಬೆರೆಸಲು ತಾಯಿ ಮಾತ್ರೆ ಕೇಳುತ್ತಾಳೆ. ಏನು ಮಾಡುತ್ತೀರಿ?

ಗಟಗಟ ಹೇಳಿದೆ. ರೋಗಿಯ ಒಪ್ಪಿಗೆ, ರೋಗಿಯ ಹಕ್ಕು, ಕೊಡುವುದಿಲ್ಲ, ಕೂರಿಸಿ ಮಾತಾಡುತ್ತೇನೆ, ಎರಡನೇ ವೈದ್ಯರ ಅಭಿಪ್ರಾಯ... ಮೂವರೂ ತಲೆಯಾಡಿಸಿದರು. ನಡುವಿನ ಹೆಂಗಸು "ಲವ್ಲಿ" ಎಂದಳು.

ಸೋಮವಾರವಷ್ಟೇ ಕೊಟ್ಟು ಕಳಿಸಿದ್ದ ಮೂವತ್ತು ಮಾತ್ರೆ ಕಣ್ಣಮುಂದೆ ಇತ್ತು. ಸುಳ್ಳು ಹೇಳಿ ಪಾಸಾದೆ.

ನವೆಂಬರ್ 18, ಮಂಗಳವಾರ

ಹನೂರು ಓಪಿ. ಆಫರ್ ಲೆಟರ್ ಬಂದದ್ದು ಅಲ್ಲೇ, ಮೊಬೈಲಿಗೆ. ಫೆಬ್ರವರಿ ಎರಡನೇ ವಾರದಲ್ಲಿ ಸೇರಬೇಕು.

ಕೌನ್ಸೆಲರ್ ಮುರುಗೇಶನಿಗೆ ಹೇಳಿದೆ. ಕೌದಳ್ಳಿಯವನು, ನನ್ನ ಜೊತೆ ಒಂಬತ್ತು ವರ್ಷ. ಸ್ವಲ್ಪ ಹೊತ್ತು ಫೈಲುಗಳನ್ನು ಸರಿಯಾಗಿ ಜೋಡಿಸಿದ. ಅವು ಮೊದಲೇ ಸರಿಯಾಗಿದ್ದವು.

"ಒಳ್ಳೇದಾಗ್ಲಿ ಮೇಡಮ್. ನಿಮ್ ಪೋಸ್ಟಿಗೆ ಯಾರು?"

"ಸದ್ಯಕ್ಕೆ ಖಾಲಿ. ಚಾಮರಾಜನಗರದಿಂದ ಒಬ್ಬರು ತಿಂಗಳಿಗೊಮ್ಮೆ ಬರ್ತಾರೆ."

ಆ ವೈದ್ಯರ ಜೊತೆ ಫೋನಿನಲ್ಲಿ ಮಾತಾಡಿದೆ. ಒಳ್ಳೆಯ ಹುಡುಗ, ನಿಯಮದವನು. ರೋಗಿಯನ್ನು ಕಣ್ಣಾರೆ ನೋಡದೆ ಮಾತ್ರೆ ಬರೆಯುವುದಿಲ್ಲ ಎಂದ. ತಪ್ಪು ಅನ್ನಲಾಗದು. ಹಾಗಾದರೆ ಮಾರ್ಚ್ ಮೊದಲ ಸೋಮವಾರ ದೊಡ್ಡಬಸಮ್ಮ ಬರಿಗೈಯಲ್ಲಿ ವಾಪಸ್ ಹೋಗುತ್ತಾರೆ. ಏಪ್ರಿಲ್ ಹೊತ್ತಿಗೆ ಮಾದೇಶ ಮತ್ತೆ ಕಬ್ಬಿನ ಗದ್ದೆಯಲ್ಲಿ. ಅಥವಾ ಅದಕ್ಕಿಂತ ಕೆಟ್ಟದು — ಟ್ರ್ಯಾಕ್ಟರ್ ಮೇಲೆ.

ಮುರುಗೇಶನನ್ನು ಕೇಳಿದೆ, ಮಾದೇಶನಿಗೆ ಎಲ್ಲ ಹೇಳಿಬಿಡೋಣವೇ ಎಂದು.

"ಬ್ಯಾಡಿ ಮೇಡಮ್. ಏಳು ವರ್ಷ ಗಂಟು ಆಕಿದೀರಿ. ಓಗೋ ಟೈಮಲ್ಲಿ ಬಿಚ್ಚಬ್ಯಾಡಿ."

ಡಿಸೆಂಬರ್ 1, ಸೋಮವಾರ

ದೊಡ್ಡಬಸಮ್ಮನಿಗೆ ಹೇಳಿದೆ. ಹೊರಗೆ ಎಂಬತ್ತು ಜನ. ಬಾಗಿಲು ಹಾಕಿಸಿದೆ.

ನಾನು ಹೋಗುತ್ತೇನೆಂಬುದನ್ನು ಸುಮ್ಮನೆ ಕೇಳಿಸಿಕೊಂಡರು. ಮಗನಿಗೆ ನಿಜ ಹೇಳಬೇಕು ಎಂದಾಗ ಕುರ್ಚಿ ಬಿಟ್ಟು ಎದ್ದರು.

"ಬ್ಯಾಡ ಕಣವ್ವ. ಅಂಗೆ ಮಾಡಬ್ಯಾಡಿ. ಅವ್ನು ನನ್ ಕೈಲಿ ಇನ್ನು ನೀರೂ ಕುಡಿಯಲ್ಲ."

"ನಿಮಗೂ ಅರವತ್ತೈದಾಯಿತು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತೆ. ನಾಳೆ ನಿಮಗೇನಾದರೂ ಆದರೆ ಅವನಿಗೆ ಮುದ್ದೆ ಯಾರು ಕಟ್ಟೋರು?"

"ಆಗಿನ್ ಮಾತು ಆಗ. ಆರ್ ತಿಂಗಳ ಮಾತ್ರೆ ಒಟ್ಟಿಗೆ ಕೊಟ್ ಓಗಿ."

ಆರು ತಿಂಗಳಾದ ಮೇಲೆ? ನಾನು ಹೇಳುತ್ತೇನೆ, ನೀವು ಇರುವುದು ಬೇಡ, ಬೈಗುಳ ನನಗಿರಲಿ ಎಂದೆ. ಸೆರಗಿನಲ್ಲಿ ಬಾಯಿ ಒತ್ತಿಕೊಂಡು ಹೊರಗೆ ಹೋದರು. ಅದನ್ನು ಒಪ್ಪಿಗೆ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಡಿಸೆಂಬರ್ 7, ಭಾನುವಾರ

ಹೇಳಿಬಿಟ್ಟೆ.

ಮಾದೇಶನನ್ನು ಮನೆಗೆ ಕರೆಸಿದ್ದೆ. ಆಸ್ಪತ್ರೆ ಎಂದರೆ ಬರುತ್ತಿರಲಿಲ್ಲ. ನಾಲ್ಕು ಜಲ್ಲೆ ಕಬ್ಬನ್ನು ತುಂಡು ಮಾಡಿ ಟವೆಲ್ಲಿನಲ್ಲಿ ಸುತ್ತಿ ತಂದಿದ್ದ. "ಫಾರಿನ್ನಿಗೆ ಓಯ್ತೀರಂತೆ ಮೇಡಮ್, ಅಲ್ಲಿ ಕಬ್ಬು ಸಿಕ್ಕಲ್ಲ" ಎಂದು ನಕ್ಕ. ಇಸ್ತ್ರಿ ಮಾಡಿದ ಅಂಗಿ, ಹಣೆಯಲ್ಲಿ ವಿಭೂತಿ. ಕೂರು ಎಂದರೂ ಸೋಫಾದ ತುದಿಯಲ್ಲೇ ಕೂತ.

ಕಾಯಿಲೆಯ ಹೆಸರಿನಿಂದ ಶುರುಮಾಡಿದೆ. ಅದು ಬರುವುದು ಹೇಗೆ, ಮಾತ್ರೆ ಮಾಡುವುದೇನು, ಬಿಟ್ಟರೆ ಏನಾಗುತ್ತದೆ. ಚೆನ್ನಾಗಿಯೇ ಹೇಳಿದೆ. ಆಮೇಲೆ ಮುದ್ದೆಯ ವಿಷಯ.

ಕಬ್ಬು ಸುತ್ತಿದ್ದ ಟವೆಲ್ಲನ್ನು ತನ್ನ ಕಡೆ ಎಳೆದುಕೊಂಡ.

"ಎಲ್ಲಾ ದಿನಾನೂವಾ?"

"ಎಲ್ಲಾ ದಿನ."

"ತುಪ್ಪದೊಳಗಾ?"

"ಹೂಂ. ಹೇಳಿಕೊಟ್ಟವಳು ನಾನು, ಮಾದೇಶ. ಅಮ್ಮನದೇನೂ ತಪ್ಪಿಲ್ಲ."

ಕೈಯನ್ನು ಮೂಸಿ ನೋಡಿಕೊಂಡ, ಈಗತಾನೇ ಉಂಡು ಬಂದವನ ಹಾಗೆ. ಆಮೇಲೆ ಕೇಳಿದ, "ಅಂಗಾರೆ ಮಾದಪ್ಪ?"

ಈ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ. ಎರಡೂ ಸೇರಿ ವಾಸಿಯಾಗಿರಬಹುದು ಎಂದೇನೋ ಅಂದೆ. ಅವನು ನನ್ನನ್ನು ನೋಡಿದ ರೀತಿ... ಆರು ವರ್ಷ ಬರಿಗಾಲಲ್ಲಿ ನಡೆದು ಹರಕೆ ತೀರಿಸಿದವನು. ನಾಲ್ಕು ಮಾತಿನಲ್ಲಿ ಅದನ್ನು ಕಿತ್ತುಕೊಂಡೆ.

ಚಪ್ಪಲಿ ಮೆಟ್ಟಿಕೊಂಡು ಹೋದ. ಟವೆಲ್ಲು ಇಲ್ಲೇ ಬಿಟ್ಟು ಹೋಗಿದ್ದಾನೆ.

ಆದರೂ ಒಂದು ಮಾತು ಬರೆದಿಡಬೇಕು. ಅವನು ಗೇಟು ದಾಟಿದ ಮೇಲೆ ನನಗೆ ಹಗುರವಾಯಿತು. ನಿಜಕ್ಕೂ ಹಗುರವಾಯಿತು.

ಡಿಸೆಂಬರ್ 9, ಮಂಗಳವಾರ

ಹನೂರಿಗೆ ಹೋಗುವಾಗ ದೊಡ್ಡಬಸಮ್ಮನ ಫೋನು. ಪಕ್ಕದ ಮನೆಯವರ ಮೊಬೈಲಿನಿಂದ.

"ಎಲ್ಡ್ ದಿನದಿಂದ ಮನೇಲಿ ಉಂಡಿಲ್ಲ. ಸಕ್ಕರೆ ಕಾರ್ಖಾನೆ ತವು ಓಟ್ಲಲ್ಲಿ ತಿಂತಾವ್ನೆ. ನನ್ನ ಮಾತಾಡ್ಸಲ್ಲ."

ಸ್ವಲ್ಪ ದಿನ ತಡೆಯಿರಿ, ಸರಿಹೋಗುತ್ತಾನೆ ಎಂದೆ.

"ನೀವು ಓಗೋರು ಕಣವ್ವ. ಎದೆ ಹಗುರ ಮಾಡ್ಕಂಡು ಇಮಾನ ಅತ್ತೀರಿ. ನಾನು ದಿನಾ ಅವ್ನ ಮುಂದೆ ತಟ್ಟೆ ಇಡಬೇಕಲ್ಲ."

ಭಾನುವಾರ ನಾನಿಲ್ಲಿ ಬರೆದುಕೊಂಡದ್ದನ್ನು ಓದಿದವರ ಹಾಗೆ ಹೇಳಿದರು.

ಡಿಸೆಂಬರ್ 23

ಮೆಡಿಕಲ್ ಕೌನ್ಸಿಲ್‌ನಿಂದ ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟ್ ಬಂತು. ಈ ವೈದ್ಯೆಯ ಮೇಲೆ ಯಾವ ದೂರೂ ಇಲ್ಲ ಎಂದು ಮೊಹರು ಹೊಡೆದು ಕೊಟ್ಟಿದ್ದಾರೆ. ಪೊಲೀಸ್ ವೆರಿಫಿಕೇಶನ್ ಮುಗಿಯಿತು. ವೀಸಾಕ್ಕೆ ಎದೆಯ ಎಕ್ಸ್‌ರೇ.

ಮಾದೇಶನಿಗೆ ಆರು ಸಲ ಫೋನ್ ಮಾಡಿದೆ. ಎತ್ತಲಿಲ್ಲ.

ಜನವರಿ 2, ಶುಕ್ರವಾರ

ಯಳಂದೂರು ಓಪಿ. ದೊಡ್ಡಬಸಮ್ಮ ಸೋಮವಾರದವರೆಗೆ ಕಾಯದೆ ಇಲ್ಲಿಗೇ ಬಸ್ ಹತ್ತಿ ಬಂದಿದ್ದರು. ನೋಡಿದಾಗಲೇ ಗೊತ್ತಾಯಿತು.

ಮೂರು ದಿನದಿಂದ ಮಗ ಮಲಗಿಲ್ಲ. ಅಂಗಳದಲ್ಲಿ ಅಡ್ಡಾಡುತ್ತಾನೆ. ಹೋಟೆಲ್ಲಿನವನಿಗೂ ಅವ್ವ ಹೇಳಿಕೊಟ್ಟಿದ್ದಾಳೆ ಎಂದು ಅಲ್ಲೂ ತಿನ್ನುವುದು ಬಿಟ್ಟಿದ್ದಾನೆ. ಈಗ ಬಾಳೆಹಣ್ಣು, ತಾನೇ ಸುಲಿದು. ಎಳನೀರು, ತಾನೇ ಕೊಚ್ಚಿ.

ಇಪ್ಪತ್ತಾರು ದಿನ ಮಾತ್ರೆ ಇಲ್ಲ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಇದು ಪೂರ್ತಿ ಕಾಯಿಲೆಯ ಅನುಮಾನವೂ ಅಲ್ಲ. ಏಳು ವರ್ಷ ಅವನ ಊಟದಲ್ಲಿ ನಿಜವಾಗಿಯೇ ಬೆರೆಸಿದ್ದೇವೆ. ಯಾವುದು ಕಾಯಿಲೆ, ಯಾವುದು ನಾವು ಮಾಡಿದ್ದು ಎಂದು ಬೇರೆ ಮಾಡುವುದು ಹೇಗೆ? ಯಾವ ಪುಸ್ತಕದಲ್ಲೂ ಇಲ್ಲ.

ವಾರ್ಡಿಗೆ ಸೇರಿಸಬಹುದು. ನಾಲ್ಕು ಜನ ಹಿಡಿದು ತರಬೇಕು. ಹಾಗೆ ಮಾಡಿದರೆ ಅವನು ಇನ್ನು ಯಾರನ್ನೂ ನಂಬುವುದಿಲ್ಲ. ಮೊದಲು ನಾನೇ ಹೋಗಿ ಬರುತ್ತೇನೆ.

ಜನವರಿ 4, ಭಾನುವಾರ

ಕುಂತೂರು. ಮುರುಗೇಶನೂ ಬಂದಿದ್ದ.

ಮಾದೇಶ ಜಗಲಿಯಲ್ಲೇ ನಿಂತಿದ್ದ. ಕಣ್ಣು ಕೆಂಪು, ಗಡ್ಡ ಬಂದಿದೆ. ಆದರೆ ನನಗೆ ಕುರ್ಚಿ ತಂದು ಹಾಕಿದ. ಅದನ್ನು ನೋಡಿ ಧೈರ್ಯ ಬಂತು.

ಎರಡು ಗಂಟೆ ಮಾತಾಡಿದೆವು. ಗಡಿಯಾರ ನೋಡಲಿಲ್ಲ. ಕೊನೆಗೆ ಅವನೇ ಹೇಳಿದ, "ಬಾಯ್ ಮಾತು ಬ್ಯಾಡ ಮೇಡಮ್. ಮಾದಪ್ಪನ ಮುಂದೆ ಕರ್ಪೂರ ಆರ್ಸಿ ಆಣೆ ಇಡಿ."

ಒಳಗೆ ಗೋಡೆಯಲ್ಲಿ ಹುಲಿಯ ಮೇಲೆ ಕೂತ ಮಾದಪ್ಪನ ಪಟ. ಕರ್ಪೂರ ಹಚ್ಚಿದ. ಇನ್ನು ಮುಂದೆ ಮಾದೇಶನ ಊಟಕ್ಕೆ ಅವನಿಗೆ ತಿಳಿಯದೆ ಏನೂ ಸೇರುವುದಿಲ್ಲ ಎಂದು ಹೇಳಿ ಅಂಗೈಯಿಂದ ಉರಿ ಒತ್ತಿ ಆರಿಸಿದೆ. ದೇವರ ವಿಷಯದಲ್ಲಿ ನಾನು ಅಷ್ಟಕ್ಕಷ್ಟೇ. ಆದರೂ ಆ ಹೊತ್ತಿಗೆ ಮನಸ್ಸಿಟ್ಟೇ ಹೇಳಿದೆ. ಅಂಗೈ ಮಧ್ಯೆ ಸುಟ್ಟಿದೆ, ಬರೆಯುವಾಗಲೂ ಉರಿಯುತ್ತಿದೆ.

ಆಮೇಲೆ ಅವನದೇ ಒಂದು ಷರತ್ತು. ಇನ್ನು ಎರಡು ತಟ್ಟೆ ಇಲ್ಲ. ಒಂದೇ ತಟ್ಟೆ, ಒಂದೇ ದೊಡ್ಡ ಮುದ್ದೆ, ಒಂದೇ ಬಟ್ಟಲು ಸಾರು. ಅವ್ವ ಮೊದಲು ಅರ್ಧ ತಿನ್ನಬೇಕು, ಅವನೆದುರಿಗೆ. ಆಮೇಲೆ ಉಳಿದರ್ಧ ಅವನು. ದೊಡ್ಡಬಸಮ್ಮ ತಲೆಯಾಡಿಸಿದರು.

ಮಾತ್ರೆಯನ್ನು ಅವನ ಕೈಗೇ ಕೊಟ್ಟೆ. ಎರಡು ತಿಂಗಳು ದಾಟುವಷ್ಟು, ಹತ್ತು ಹತ್ತರ ಏಳು ಪಟ್ಟಿ. ಇದು ನಿನ್ನದು. ತಿನ್ನುವುದೂ ಬಿಡುವುದೂ ನಿನಗೆ ಬಿಟ್ಟದ್ದು. ತಿಂದರೆ ನಿದ್ದೆ ಬರುತ್ತೆ ಎಂದೆ. ಜೇಬಿನಲ್ಲಿ ಇಟ್ಟುಕೊಂಡ. ತಿನ್ನುತ್ತೇನೆ ಅನ್ನಲಿಲ್ಲ, ಒಲ್ಲೆ ಅಂತಲೂ ಅನ್ನಲಿಲ್ಲ.

ಹೊರಡುವಾಗ ಒಳಗೆ ಒಂದು ದೊಡ್ಡ ಮುದ್ದೆ ಕಟ್ಟುವ ಸದ್ದು ಕೇಳುತ್ತಿತ್ತು. ಮುರುಗೇಶ ಜೀಪು ಹತ್ತುವಾಗ "ತಪ್ಪು ನಂದೇ ಮೇಡಮ್, ನೀವ್ ಏಳಿದ್ದು ಸರಿ" ಎಂದ.

ಜನವರಿ 19, ಸೋಮವಾರ

ಮಾದೇಶನೇ ಫೋನ್ ಮಾಡಿದ! ತಾನಾಗಿಯೇ.

"ನಿದ್ದೆ ಚೆನ್ನಾಗಿ ಬತ್ತಾದೆ ಮೇಡಮ್. ಮೊನ್ನೆಯಿಂದ ಗಾಡಿ ತಕಂಡು ಓಯ್ತಾ ಇವ್ನಿ. ಅವ್ವಂಗೂ ನಂಗೂ ಈಗ ಒಂದೇ ತಟ್ಟೆ."

ಮಾತ್ರೆ ನಡೀತಾ ಇದೆಯಾ ಎಂದೆ. "ಹೂಂ, ಹೂಂ" ಎಂದ.

ಹದಿನೈದು ದಿನಕ್ಕೆ ಇಷ್ಟು ಚೇತರಿಕೆ! ತನ್ನ ಕೈಯಾರೆ ಮಾತ್ರೆ ನುಂಗುತ್ತಿದ್ದಾನೆ. ಏಳು ವರ್ಷ ಮುಚ್ಚಿಟ್ಟದ್ದು ದಂಡ, ನೇರವಾಗಿ ಹೇಳಿದ್ದರೆ ಆಗಲೇ ಆಗುತ್ತಿತ್ತು. ಮಧ್ಯಾಹ್ನ ಮುರುಗೇಶನಿಗೆ ಜಾಮೂನು ತರಿಸಿ ತಿನ್ನಿಸಿದೆ. ಸಂಜೆ ಪ್ರಭುವಿಗೆ ಒಂದು ಗಂಟೆ ಭಾಷಣ ಬಿಗಿದೆ. "ಈ ಕೇಸನ್ನ ಅಲ್ಲಿ ಹೋಗಿ ಪಾಠ ಮಾಡು" ಎಂದ. ಅವನದು ತಮಾಷೆ. ನಾನು ಮಾತ್ರ ಸ್ಲೈಡಿಗೆ ಹೆಡ್ಡಿಂಗ್ ಕೂಡ ಯೋಚಿಸಿಬಿಟ್ಟಿದ್ದೆ.

ಜನವರಿ 29

ವೀಸಾ ಬಂತು. ಟಿಕೆಟ್ ಫೆಬ್ರವರಿ 6ರ ರಾತ್ರಿಗೆ. ಪ್ರಭು ಶಾಲೆ ಮುಗಿಸಿ ಮೇ ತಿಂಗಳಲ್ಲಿ ಬರುತ್ತಾನೆ.

ಫೈಲುಗಳನ್ನು ಮುರುಗೇಶನಿಗೆ ಒಪ್ಪಿಸುತ್ತಿದ್ದೇನೆ. ಸಾವಿರದ ನಾನೂರು. ಮಾದೇಶನ ಫೈಲಿನ ಮೇಲೆ ಹಸಿರು ಶಾಯಿಯಲ್ಲಿ ಬರೆದೆ, "ತಾನೇ ತೆಗೆದುಕೊಳ್ಳುತ್ತಿದ್ದಾನೆ."

ಫೆಬ್ರವರಿ 5, ಗುರುವಾರ

ಕೊನೆಯ ಓಪಿ. ಹೂವಿನ ಹಾರ, ಒಂದು ಶಾಲು, ಸ್ಟಾಫಿನವರು ಕೊಟ್ಟ ಗಡಿಯಾರ. ಎಲ್ಲ ಮುಗಿದ ಮೇಲೆ ದೊಡ್ಡಬಸಮ್ಮ ಬಂದರು.

ಬಾಗಿಲಿನಿಂದ ಕುರ್ಚಿಯವರೆಗೆ ನಡೆದು ಬಂದದ್ದು ನೋಡಿದೆ. ಸಣ್ಣ ಸಣ್ಣ ಹೆಜ್ಜೆ. ಕೈ ಬೀಸುತ್ತಿಲ್ಲ. ಮುಖದಲ್ಲಿ ಗೆರೆಯೇ ಅಲುಗಾಡುತ್ತಿಲ್ಲ. ಕೂತ ಮೇಲೆ ಬಲಗೈ ಹೆಬ್ಬೆಟ್ಟು, ತೋರುಬೆರಳು ಒಂದಕ್ಕೊಂದು ಉಜ್ಜುತ್ತಾ ನಡುಗುತ್ತಿದ್ದವು. ತುಟಿಯ ಅಂಚಿನಲ್ಲಿ ಜೊಲ್ಲು.

ಇದನ್ನು ದಿನಕ್ಕೆ ಹತ್ತು ಸಲ ನೋಡುತ್ತೇನೆ. ನಮ್ಮ ಮಾತ್ರೆ ತಿಂದವರಲ್ಲಿ ಕೆಲವರು, ಅದರಲ್ಲೂ ವಯಸ್ಸಾದವರು, ಹೀಗೆ ಆಗುತ್ತಾರೆ. ಮಾತ್ರೆ ತಿನ್ನದವರು ಹೀಗೆ ಒಂದು ತಿಂಗಳಲ್ಲಿ ಆಗುವುದಿಲ್ಲ.

"ದೊಡ್ಡಬಸಮ್ಮ... ಏನು ತಿಂತಾ ಇದ್ದೀರಿ?"

ಸೆರಗಿನಿಂದ ಜೊಲ್ಲು ಒರೆಸಿಕೊಂಡರು. ಇನ್ನೊಮ್ಮೆ ಕೇಳಿದೆ. ಆಗ ಹೇಳಿದರು, ಮಾತು ತೊದಲುತ್ತಿತ್ತು. ನಾನು ಕೊಟ್ಟ ಪಟ್ಟಿಗಳನ್ನು ಅವನು ಅವತ್ತು ಸಂಜೆಯೇ ತಿಪ್ಪೆಗೆ ಎಸೆದಿದ್ದ. ಬೆಳಗಾಗುವುದರೊಳಗೆ ಇವರು ಆಯ್ದು ತಂದು ಒರೆಸಿ ಇಟ್ಟುಕೊಂಡರು. ಅವನಿಗೆ ದಿನಕ್ಕೆ ಒಂದು ಬೇಕು. ಅರ್ಧ ಮುದ್ದೆ ತಾವೇ ತಿನ್ನಬೇಕಲ್ಲ, ಅದಕ್ಕೆ ಎರಡು ಪುಡಿ ಮಾಡಿ ಹಿಟ್ಟಿಗೇ ಕಲಸುತ್ತಿದ್ದಾರೆ. ಒಂದು ತಿಂಗಳಿಂದ, ದಿನಾ ರಾತ್ರಿ, ಮಗನ ಎದುರಿಗೆ ಕೂತು ಮೊದಲರ್ಧ ತಾವು ಉಂಡಿದ್ದಾರೆ.

"ನಾನು ಆಣೆ ಇಟ್ಟಿದ್ದೆನಲ್ಲ!" ಕಿರುಚಿಯೇಬಿಟ್ಟೆ.

"ನೀವಿಟ್ರಿ. ನಾನಿಟ್ಟಿಲ್ಲ ಕಣವ್ವ."

ನಿಜ. ಅವರು ತಲೆಯಾಡಿಸಿದ್ದರು, ಅಷ್ಟೇ.

ಇವತ್ತಿನಿಂದಲೇ ನಿಲ್ಲಿಸಬೇಕು, ಬಿದ್ದು ಸೊಂಟ ಮುರಿಯುತ್ತದೆ, ಊಟ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಎಲ್ಲ ಹೇಳಿದೆ.

"ನಾ ತಿನ್ನದಿದ್ರೆ ಅವ್ನು ತಿನ್ನಲ್ಲ. ಅವ್ನು ತಿನ್ನದಿದ್ರೆ ನಿಮ್ಗೇ ಗೊತ್ತಲ್ಲ. ಆರಾಮಾಗವ್ನೆ, ಆಗಲ್ಲ ಅನ್ನಬ್ಯಾಡಿ. ಈ ನಡುಕಕ್ಕೊಂದು ಮಾತ್ರೆ ಕೊಡಿ ಸಾಕು. ಪಟ್ಟಿ ಮುಗೀತಾ ಬಂತು, ಆ ಮಾತ್ರೇನೂ ಒಂದಷ್ಟು ಕೊಡಿ."

ನಡುಕಕ್ಕೆ ಮಾತ್ರೆ ಇದೆ. ಆ ಮಾತ್ರೆಯ ಮೇಲೆ ಈ ಮಾತ್ರೆ. ನಾಲ್ಕು ನಿಮಿಷದ ವೈದ್ಯಕೀಯದಲ್ಲಿ ಕೈ ತಾನಾಗಿ ಬರೆಯುತ್ತದೆ.

ಬರೆದುಕೊಟ್ಟೆ. ಎರಡನ್ನೂ.

ಅವರು ಚೀಟಿಯನ್ನು ಕಣ್ಣಿಗೊತ್ತಿಕೊಂಡು, "ಚೆಂದಾಗಿ ಓಗಿ ಬನ್ನಿ ತಾಯಿ" ಎಂದರು. ಹಾರ ಹಾಕಿಕೊಂಡೇ ಕೂತಿದ್ದೆ. ತೆಗೆಯುವುದು ಮರೆತಿತ್ತು.

ಫೆಬ್ರವರಿ 6, ಶುಕ್ರವಾರ. ಮಧ್ಯಾಹ್ನ 3.10, ಕಾರಿನಲ್ಲಿ

ಅಕ್ಷರಗಳು ಕುಣಿಯುತ್ತಿವೆ. ಇರಲಿ. ಈಗ ಬರೆಯದಿದ್ದರೆ ಬರೆಯುವುದಿಲ್ಲ.

ಹನ್ನೆರಡಕ್ಕೆ ಮನೆ ಬಿಟ್ಟೆವು. ಬೆಂಗಳೂರಿನ ರಸ್ತೆಗೆ ತಿರುಗುವ ಹೊತ್ತಿಗೆ, ಕುಂತೂರಿಗೆ ಬಿಡಿ ಎಂದೆ ಡ್ರೈವರಿಗೆ. ಪ್ರಭು ಗಡಿಯಾರ ನೋಡಿದ. ಬೆಳಿಗ್ಗೆಯೇ ಅವನಿಗೆ ಎಲ್ಲ ಹೇಳಿದ್ದೆ.

ಕಾರ್ಖಾನೆಯ ರಸ್ತೆಯಲ್ಲಿ ಕಬ್ಬಿನ ಗಾಡಿಗಳ ಸಾಲು. ಒಂಬತ್ತನೆಯದು ಮಾದೇಶನದು. ನನ್ನನ್ನು ಕಂಡು ಇಳಿದು ಬಂದ, ನಗುತ್ತಾ. ಗಡ್ಡ ತೆಗೆದಿದ್ದ. ಎಷ್ಟು ಚೆನ್ನಾಗಿದ್ದ!

"ಇವತ್ತು ಓಗೋದಲ್ವಾ ಮೇಡಮ್?"

"ಮಾದೇಶ, ಅಮ್ಮನ ಕೈ ನೋಡಿದ್ದೀಯಾ?"

"ನಡುಗ್ತದೆ. ವಯಸ್ಸಾಯ್ತಲ್ಲ."

ಇಲ್ಲ ಎಂದೆ. ಹೇಳಿದೆ. ತಿಪ್ಪೆಯಿಂದ ಆಯ್ದದ್ದು, ಎರಡು ಪುಡಿ ಮಾಡಿದ್ದು, ಅವನಿಗಾಗಿ ಮೊದಲರ್ಧ ತಾವು ತಿಂದದ್ದು. ಕರ್ಪೂರ ಆರಿಸಿದ್ದು ಸುಳ್ಳಾಯಿತು, ಆ ಸುಳ್ಳು ನನ್ನದೇ ಎಂದೂ ಹೇಳಿದೆ. ಈ ಸಲ ಹಗುರವಾಗಲಿಲ್ಲ.

ಕೂಗಾಡುತ್ತಾನೆ ಎಂದುಕೊಂಡಿದ್ದೆ. ಹೊಡೆಯುತ್ತಾನೆ ಎಂದೂ. ಟ್ರ್ಯಾಕ್ಟರಿನ ಚಕ್ರಕ್ಕೆ ಒರಗಿ ನಿಂತ. ಮುಂದಿನ ಗಾಡಿ ಸರಿಯಿತು, ಇವನು ಸರಿಸಲಿಲ್ಲ.

"ಮೊನ್ನೆ ರಾತ್ರಿ ತುತ್ತು ಕೈಯಿಂದ ಜಾರ್ತು. ನಾನು ರೇಗ್ದೆ. ನೆಟ್ಗೆ ತಿನ್ನವ್ವ ಅಂತ."

ಅತ್ತ. ನಾನೂ.

ಆಮೇಲೆ ಕೈ ಚಾಚಿದ. "ಕೊಡಿ."

ಬ್ಯಾಗಿನಲ್ಲಿ ಪಟ್ಟಿಗಳಿದ್ದವು. ಈಗ ಬೇಡ, ರಾತ್ರಿ ಊಟ ಆದ ಮೇಲೆ, ಗಾಡಿ ಓಡಿಸೋದಿದೆ ಎಂದೆ. ಕೇಳಿಸಿಕೊಳ್ಳಲಿಲ್ಲ. ಒಂದನ್ನು ಒಡೆದು ಬಾಯಿಗೆ ಹಾಕಿಕೊಂಡ. ಪ್ರಭು ನೀರಿನ ಬಾಟಲಿ ತಂದ, ಬೇಡ ಎಂದ. ನುಂಗಿದ. ಬೀಗದಕೈ ತೆಗೆದು ಹಿಂದಿನ ಗಾಡಿಯವನಿಗೆ ಕೊಟ್ಟ, "ನಂದೂ ಒಸಿ ಎಳ್ಕಳಣ್ಣ" ಎಂದ.

ಆಮೇಲೆ ನನ್ನೆದುರು ಬಂದು ನಿಂತು ಬಾಯಿ ಅಗಲಿಸಿ ತೋರಿಸಿದ. ನಾಲಿಗೆ ಎತ್ತಿ ಅಡಿಯನ್ನೂ ತೋರಿಸಿದ. ವಾರ್ಡಿನಲ್ಲಿ ಎಲ್ಲರಿಗೂ ಮಾಡಿಸುತ್ತೇವೆ, ಮಾತ್ರೆ ಬಚ್ಚಿಟ್ಟುಕೊಂಡಿಲ್ಲ ತಾನೇ ಎಂದು ನೋಡಲು. ಎಂಟು ವರ್ಷ ಅವನು ಮರೆತಿರಲಿಲ್ಲ. ನಾನು ಕೇಳಿರಲಿಲ್ಲ. ಸಾಲಿನ ಡ್ರೈವರುಗಳೆಲ್ಲ ನೋಡುತ್ತಿದ್ದರು.

"ನೋಡಿದ್ರಾ?"

"ನೋಡಿದೆ."

"ಅವ್ವ ಇನ್ ತಿನ್ನಬಾರ್ದು. ನಾನ್ ಏಳ್ತೀನಿ. ದಿನಾ ನುಂಗ್ತೀನಿ." ಉಳಿದ ಪಟ್ಟಿಗಳನ್ನು ಎದೆಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡ. "ಆದ್ರೆ ನಾನೊಬ್ನೇ ಆದ್ರೆ ಬಿಟ್ಬುಡ್ತೀನಿ ಮೇಡಮ್. ನನ್ ಬುದ್ಧಿ ನಂಗೊತ್ತು. ನಾಳೀಕೆ ಯಾರ್ಗೆ ತೋರುಸ್ಲಿ?"

ಮುರುಗೇಶನ ಹೆಸರು ಹೇಳಬಹುದಿತ್ತು. ತಿಂಗಳಿಗೊಮ್ಮೆ ಬರುವ ವೈದ್ಯರ ಹೆಸರು ಹೇಳಬಹುದಿತ್ತು. ದಿನಾ ವಿಡಿಯೋ ಕಾಲ್ ಮಾಡು ಅನ್ನಬಹುದಿತ್ತು, ಹದಿನೈದು ದಿನ ನಡೆಯುತ್ತಿತ್ತು. ಅವನು ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದ. ಪ್ರಭು ಕಾರಿನ ಬಾಗಿಲು ಹಿಡಿದಿದ್ದ. ನಾನು ಯಾರ ಹೆಸರನ್ನೂ ಹೇಳದೆ ಕಾರು ಹತ್ತಿದೆ; ಈಗ ಬೆಂಗಳೂರಿನ ರಸ್ತೆಯಲ್ಲಿದ್ದೇವೆ.